ಪದವಿ ತರಗತಿಯ ಆಟ: ಪಾಠ ಶುರುವಾಗುವುದು ಆಟ ಮುಗಿದ ಮೇಲೆ

ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಚಿಲ್ಲರೆ ವ್ಯಾಪಾರಿ, ಪಕ್ಕದಲ್ಲಿ ಸಗಟು ವ್ಯಾಪಾರಿ, ಅದರಾಚೆ ವಿತರಕ, ಕೊನೆಯಲ್ಲಿ ಕಾರ್ಖಾನೆ. ನಾಲ್ಕೂ ಪಾತ್ರಗಳಲ್ಲಿ ಕೂತವರು ವಿದ್ಯಾರ್ಥಿಗಳು. ಒಬ್ಬೊಬ್ಬರ ಮುಂದೆಯೂ 12 ಪೆಟ್ಟಿಗೆ ಬಿಯರ್ ದಾಸ್ತಾನಿದೆ. ಬಿಯರ್ ಎಂದರೆ ಇಲ್ಲಿ ಬರೀ ಬಿಲ್ಲೆಗಳು. ಆಟದಲ್ಲಿ ಒಂದು ವಾರ ಕಳೆದಂತೆಲ್ಲ ಚಿಲ್ಲರೆ ವ್ಯಾಪಾರಿ ಒಂದು ಚೀಟಿ ಮಗುಚಿ ನೋಡುತ್ತಾನೆ. ಆ ವಾರ ಗಿರಾಕಿಗಳಿಗೆ ಎಷ್ಟು ಪೆಟ್ಟಿಗೆ ಬೇಕು ಎಂಬುದು ಅದರಲ್ಲಿದೆ. ಬೇರೆ ಯಾರಿಗೂ ತೋರಿಸುವಂತಿಲ್ಲ. ಇದ್ದಷ್ಟು ಕೊಟ್ಟು, ತನಗೆ ಬೇಕಾದದ್ದನ್ನು ಇನ್ನೊಂದು ಚೀಟಿಯಲ್ಲಿ ಬರೆದು ಸಗಟು ವ್ಯಾಪಾರಿಗೆ ದಾಟಿಸುತ್ತಾನೆ. ಸಗಟಿನವಳು ವಿತರಕನಿಗೆ, ವಿತರಕ ಕಾರ್ಖಾನೆಗೆ. ಪರಸ್ಪರ ಮಾತಾಡುವಂತಿಲ್ಲ. ಬರೆದ ಆರ್ಡರ್ ತಲುಪುವುದಕ್ಕೂ ಸರಕು ಕೈಗೆ ಬರುವುದಕ್ಕೂ ವಾರಗಳು ಹಿಡಿಯುತ್ತವೆ. ದಾಸ್ತಾನು ಉಳಿದರೆ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್ ಖರ್ಚು. ಬೇಡಿಕೆ ಪೂರೈಸಲಾಗದೆ ಬಾಕಿ ಉಳಿಸಿಕೊಂಡರೆ ಒಂದು ಡಾಲರ್.

ಮೊದಲ ನಾಲ್ಕು ವಾರ ಎಲ್ಲರೂ ನಿರಾಳ. ಆಮೇಲೆ ಚಿಲ್ಲರೆ ವ್ಯಾಪಾರಿ ಹುಬ್ಬು ಗಂಟಿಕ್ಕುತ್ತಾನೆ. ದಾಸ್ತಾನು ಕರಗುತ್ತಿದೆ, ಕೇಳಿದ ಸರಕು ಇನ್ನೂ ದಾರಿಯಲ್ಲಿದೆ. ಇರಲಿ ಎಂದು ಸ್ವಲ್ಪ ಹೆಚ್ಚಿಗೇ ಬರೆಯುತ್ತಾನೆ. ಸಗಟಿನವಳಿಗೆ ಅದು ಬೇಡಿಕೆ ಒಮ್ಮೆಲೇ ಮೇಲೆದ್ದಂತೆ ಕಾಣುತ್ತದೆ. ಅವಳು ಅದರ ಮೇಲೆ ಇನ್ನಷ್ಟು ಸೇರಿಸುತ್ತಾಳೆ. ಕೆಲವೇ ವಾರಗಳಲ್ಲಿ ನಾಲ್ವರೂ ಬಾಕಿಯಲ್ಲಿ ಮುಳುಗಿರುತ್ತಾರೆ. ಇನ್ನೂ ಮುಂದೆ ಹೋದರೆ ಅದೇ ಮೇಜಿನ ಮೇಲೆ ಬಿಲ್ಲೆಗಳ ರಾಶಿ ಬಿದ್ದಿರುತ್ತದೆ, ಕೊಳ್ಳುವವರಿಲ್ಲ. ಈ ತುದಿಯವರು ಆ ತುದಿಯವರನ್ನು ದುರುಗುಟ್ಟಿ ನೋಡಲು ಶುರು ಮಾಡಿರುತ್ತಾರೆ.

ಅಲ್ಲಿಗೆ ಆಟ ನಿಲ್ಲಿಸಿ, ಚಿಲ್ಲರೆ ವ್ಯಾಪಾರಿಯನ್ನು ಬಿಟ್ಟು ಉಳಿದವರಿಗೆಲ್ಲ ಒಂದೊಂದು ಹಾಳೆ ಕೊಡುತ್ತೇನೆ. ಗಿರಾಕಿಗಳ ಬೇಡಿಕೆ ವಾರದಿಂದ ವಾರಕ್ಕೆ ಹೇಗಿದ್ದಿರಬಹುದು, ಗೆರೆ ಎಳೆದು ತೋರಿಸಿ ಎನ್ನುತ್ತೇನೆ. ಬಹುತೇಕ ಎಲ್ಲರ ಹಾಳೆಯಲ್ಲೂ ಏರಿ ಇಳಿಯುವ ದೊಡ್ಡ ಅಲೆ. ಆಮೇಲೆ ಚೀಟಿಗಳ ಕಟ್ಟು ಬಿಚ್ಚಿಡುತ್ತೇನೆ. ಮೊದಲ ನಾಲ್ಕು ವಾರ 4 ಪೆಟ್ಟಿಗೆ. ಐದನೇ ವಾರದಿಂದ ಕೊನೆಯ ತನಕ 8 ಪೆಟ್ಟಿಗೆ. ಅಷ್ಟೇ. ಅಲೆ ಎಲ್ಲೂ ಇರಲೇ ಇಲ್ಲ. ಅದನ್ನು ಎಬ್ಬಿಸಿದವರು ಅವರೇ. ಕೋಣೆಯಲ್ಲಿ ಸದ್ದಡಗುತ್ತದೆ. ಪದವಿ ತರಗತಿಗಳಲ್ಲಿ ಆಟಕ್ಕೆ ಜಾಗ ಇರಬೇಕು ಎಂದು ನಾನು ವಾದಿಸುವುದು ಈ ಒಂದು ಗಳಿಗೆಗಾಗಿ.

ಬಿಯರ್ ಆಟ ಎಂದೇ ಹೆಸರಾದ ಇದು 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಆಟ. ಪೂರೈಕೆ ಸರಪಳಿಯಲ್ಲಿ ಸಣ್ಣ ಬದಲಾವಣೆಯೊಂದು ಹಿಂದಕ್ಕೆ ಹೋದಂತೆ ಹೇಗೆ ಬೆಟ್ಟವಾಗುತ್ತದೆ ಎಂಬುದನ್ನು ತೋರಿಸುವುದಕ್ಕೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಅದೇ ಸಂಸ್ಥೆಯ ಜಾನ್ ಸ್ಟರ್ಮನ್ ಈ ಆಟದ ದಾಖಲೆಗಳನ್ನು ಕೂಡಿಸಿ 1989ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ತಂಡಗಳ ಸರಾಸರಿ ಖರ್ಚು, ಸಾಧ್ಯವಿದ್ದ ಕನಿಷ್ಠ ಖರ್ಚಿನ ಸುಮಾರು 10 ಪಟ್ಟು. ಬೇಡಿಕೆ 8 ದಾಟಿರದಿದ್ದರೂ ಕಾರ್ಖಾನೆಯ ಆರ್ಡರ್ ಸರಾಸರಿ 32ರ ತನಕ ಏರಿತ್ತು. ಆಡಿದವರು ದಡ್ಡರಲ್ಲ. ಆದರೂ ಕಳಿಸಿದ ಆರ್ಡರ್‌ನಲ್ಲಿ ಇನ್ನೂ ಕೈಗೆ ಬಾರದ ಸರಕನ್ನು ಲೆಕ್ಕಕ್ಕೆ ತಗೊಳ್ಳುವುದನ್ನು ಬಹುತೇಕರು ಮರೆತಿದ್ದರು, ಸೋತಾಗ ತಪ್ಪು ಗಿರಾಕಿಯದ್ದು ಎಂದುಕೊಂಡಿದ್ದರು.

ಇದೇ ವಿಷಯವನ್ನು ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ವಿವರಿಸಬಹುದು. ನಾನೂ ವಿವರಿಸಿದ್ದೇನೆ. ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ, ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ. ಆದರೆ ಆ ತಪ್ಪು ಮಾಡುವವರು ಬೇರೆ ಯಾರೋ ಎಂಬ ನಂಬಿಕೆ ಅವರ ಮನಸ್ಸಿನಲ್ಲಿ ಹಾಗೇ ಉಳಿದಿರುತ್ತದೆ. ಆಟ ಆ ನಂಬಿಕೆಯನ್ನು ಕಿತ್ತುಹಾಕುತ್ತದೆ.

ಬಿಲ್ಲೆ, ಬ್ಯಾಡ್ಜ್, ಪಟ್ಟಿ

ಈಗ ಉನ್ನತ ಶಿಕ್ಷಣದಲ್ಲಿ ಆಟದ ಮಾತು ಎಲ್ಲೆಲ್ಲೂ ಇದೆ. ಕಲಿಕೆಯ ತಂತ್ರಾಂಶ ಮಾರುವವರಿಂದ ಹಿಡಿದು ಅಧ್ಯಾಪಕರ ತರಬೇತಿ ಶಿಬಿರದ ತನಕ ಗೇಮಿಫಿಕೇಷನ್ ಎಂಬ ಪದ ಕೇಳದ ದಿನವಿಲ್ಲ. ಆ ಪದಕ್ಕೆ 2011ರಲ್ಲಿ ಸೆಬಾಸ್ಟಿಯನ್ ಡಿಟರ್ಡಿಂಗ್ ಮತ್ತು ಸಂಗಡಿಗರು ಕೊಟ್ಟ ಅರ್ಥ ಸರಳ: ಆಟವಲ್ಲದ ಕಡೆ ಆಟದ ವಿನ್ಯಾಸದ ಅಂಶಗಳನ್ನು ಬಳಸುವುದು. ಬಳಕೆಯಲ್ಲಿ ಮಾತ್ರ ಆ ಅಂಶಗಳು ಮೂರಕ್ಕೆ ಇಳಿದುಬಿಟ್ಟಿವೆ: ಪಾಯಿಂಟ್, ಬ್ಯಾಡ್ಜ್, ಲೀಡರ್‌ಬೋರ್ಡ್ ಅಂದರೆ ಯಾರು ಮುಂದೆ ಯಾರು ಹಿಂದೆ ಎಂದು ತೋರಿಸುವ ಪಟ್ಟಿ. ಪಾಠ ಹಾಗೇ ಇರುತ್ತದೆ, ಅದರ ಮೇಲೆ ಬಣ್ಣದ ಪದಕಗಳ ಸಾಲು ಬರುತ್ತದೆ. ಬಿಯರ್ ಆಟದಲ್ಲಿ ಪಾಠದ ವಿಷಯವೇ ಆಟದ ನಿಯಮವಾಗಿದೆ. ಬ್ಯಾಡ್ಜಿನ ತರಗತಿಯಲ್ಲಿ ವಿಷಯಕ್ಕೂ ಬಹುಮಾನಕ್ಕೂ ಸಂಬಂಧವೇ ಇಲ್ಲ. ರಸಾಯನಶಾಸ್ತ್ರಕ್ಕೆ ಕೊಟ್ಟ ಬ್ಯಾಡ್ಜನ್ನೇ ಕಾನೂನಿಗೂ ಕೊಡಬಹುದು. ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಬಹಳ ಗೊಂದಲವಾಗಿದೆ.

ಮೈಕೆಲ್ ಹ್ಯಾನಸ್ ಮತ್ತು ಜೆಸ್ಸಿ ಫಾಕ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗಬೇಕು. ವಿಶ್ವವಿದ್ಯಾಲಯದ ಎರಡು ತರಗತಿಗಳಿಗೆ ಒಂದೇ ಪಠ್ಯ. ಒಂದಕ್ಕೆ ಮಾತ್ರ ಬ್ಯಾಡ್ಜ್ ಮತ್ತು ಲೀಡರ್‌ಬೋರ್ಡ್. ಸೆಮಿಸ್ಟರ್ ಸಾಗಿದಂತೆ ಬ್ಯಾಡ್ಜಿನ ತರಗತಿಯವರ ಉತ್ಸಾಹವೂ ತೃಪ್ತಿಯೂ ಇನ್ನೊಂದು ತರಗತಿಗಿಂತ ಕುಗ್ಗಿತು. ಕುಗ್ಗಿದ ಒಳಗಿನ ಆಸಕ್ತಿಯ ಪರಿಣಾಮ ಅಂತಿಮ ಪರೀಕ್ಷೆಯ ಅಂಕದಲ್ಲೂ ಕಂಡಿತು. ಮನಶ್ಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಬರೆಸಿದರು. ಕೆಲವು ದಿನಗಳ ಬಳಿಕ ಪ್ರಶಸ್ತಿಯ ಮಾತಿಲ್ಲದೆ ಬಣ್ಣದ ಪೆನ್ನು ಮುಂದಿಟ್ಟಾಗ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಇಷ್ಟ ಹಿಂದೆ ಸರಿಯುತ್ತದೆ.

ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಒಂದು ಸೆಮಿಸ್ಟರ್ ವಾರದ ಕ್ವಿಜ್ ಅಂಕಗಳನ್ನು ಶ್ರೇಯಾಂಕದ ಪಟ್ಟಿ ಮಾಡಿ ಪರದೆಯ ಮೇಲೆ ತೋರಿಸಿದ್ದೆ. ಮೊದಲ ಐದಾರು ಮಂದಿಯ ನಡುವೆ ಜಿದ್ದಾಜಿದ್ದಿ, ನೋಡಲು ಖುಷಿಯಾಗುತ್ತಿತ್ತು. ಪಟ್ಟಿಯ ಕೆಳಗಿನ ಅರ್ಧದವರು ಏನು ಮಾಡುತ್ತಿದ್ದಾರೆ ಎಂದು ನಾನು ಗಮನಿಸಿದ್ದು ತಡವಾಗಿ. ಅವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದರು. ಯಾರಿಗೆ ನೆರವು ಹೆಚ್ಚು ಬೇಕಿತ್ತೋ ಅವರಿಗೇ ಪ್ರತಿ ವಾರ, ಎಲ್ಲರ ಎದುರಿಗೆ, ನೀವು ಹಿಂದಿದ್ದೀರಿ ಎಂದು ಹೇಳಿದ ಹಾಗಾಗಿತ್ತು. ಆ ಪಟ್ಟಿಯನ್ನು ಮತ್ತೆ ಹಾಕಲಿಲ್ಲ.

ಹಾಗೆಂದು ಕ್ವಿಜ್ ಆಟಗಳೇ ಬೇಡ ಎನ್ನುತ್ತಿಲ್ಲ. ಓದಿದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರಗೆಳೆಯಲು ಯತ್ನಿಸಿದರೆ ಅದು ಹೆಚ್ಚು ದಿನ ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದಾರೆ. 2013ರಲ್ಲಿ ನಾರ್ವೆಯಿಂದ ಬಂದ ಕಹೂಟ್‌ನಂಥ ಆನ್‌ಲೈನ್ ಕ್ವಿಜ್ ಸಾಧನ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಅಲ್ಲಿ ಪ್ರಯೋಜನ ಬರುವುದು ನೆನಪಿಸಿಕೊಳ್ಳುವ ಶ್ರಮದಿಂದ, ಸಂಗೀತದಿಂದಲೋ ಪೋಡಿಯಂ ಚಿತ್ರದಿಂದಲೋ ಅಲ್ಲ. ಮತ್ತು ಅದು ಕಲಿತದ್ದನ್ನು ಗಟ್ಟಿಮಾಡುವ ಸಾಧನ. ಪದವಿ ಮಟ್ಟದಲ್ಲಿ ನಮಗೆ ಬೇಕಾದ ಇನ್ನೊಂದು ಸಂಗತಿ, ಅಂದರೆ ಗೊಂದಲದ ನಡುವೆ ತೀರ್ಮಾನ ತಗೊಂಡು ಅದರ ಫಲ ಉಣ್ಣುವುದು, ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಸಿಗುವುದಿಲ್ಲ.

ಅಂಕಿಅಂಶ ಹೇಳುವುದೇನು

ಆಟದಿಂದ ಕಲಿಕೆ ಹೆಚ್ಚುತ್ತದೆಯೇ? ಹೆಚ್ಚುತ್ತದೆ, ಸಾಧಾರಣ ಪ್ರಮಾಣದಲ್ಲಿ, ಷರತ್ತುಗಳೊಂದಿಗೆ. ಪೀಟರ್ ವೌಟರ್ಸ್ ಮತ್ತು ಸಂಗಡಿಗರು 2013ರಲ್ಲಿ 39 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಇವೆಲ್ಲ ಪದವಿ ವಿದ್ಯಾರ್ಥಿಗಳ ಮೇಲಿನವಲ್ಲ, ಎಲ್ಲ ವಯಸ್ಸಿನವರೂ ಇದ್ದರು. ಸಾಂಪ್ರದಾಯಿಕ ಪಾಠಕ್ಕಿಂತ ಆಟದಲ್ಲಿ ಕಲಿಕೆ ಸ್ವಲ್ಪ ಹೆಚ್ಚು, ನೆನಪಿನಲ್ಲಿ ಉಳಿಯುವುದೂ ಹೆಚ್ಚು. ಆದರೆ ಉತ್ಸಾಹದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. "ಪಾಠ ಬೇಜಾರು, ಆಟ ತಂದರೆ ಹುಡುಗರಿಗೆ ಹುಮ್ಮಸ್ಸು ಬರುತ್ತದೆ" ಎಂಬುದೇ ಆಟದ ಪರವಾದ ಅತಿ ಜನಪ್ರಿಯ ವಾದ. ದತ್ತಾಂಶ ಆ ವಾದವನ್ನೇ ಎತ್ತಿಹಿಡಿಯಲಿಲ್ಲ, ಎತ್ತಿಹಿಡಿದದ್ದು ಕಲಿಕೆಯನ್ನು.

ಅದೇ ವಿಶ್ಲೇಷಣೆ ಇನ್ನೂ ಮೂರು ಸಂಗತಿ ಹೇಳುತ್ತದೆ: ಆಟದ ಜೊತೆಗೆ ಬೇರೆ ಬಗೆಯ ಬೋಧನೆಯೂ ಇದ್ದಾಗ, ಒಂದೇ ಸಲಕ್ಕೆ ಮುಗಿಸದೆ ಹಲವು ಸಲ ಆಡಿಸಿದಾಗ, ಗುಂಪಿನಲ್ಲಿ ಆಡಿದಾಗ ಫಲ ಹೆಚ್ಚು. 2011ರಲ್ಲಿ ಟ್ರೇಸಿ ಸಿಟ್ಸ್‌ಮನ್ ತರಬೇತಿಯ ಸಿಮ್ಯುಲೇಷನ್ ಆಟಗಳ (ನಿಜ ಸನ್ನಿವೇಶವನ್ನು ಅನುಕರಿಸುವ ಆಟಗಳ) ಬಗ್ಗೆ ನಡೆಸಿದ ವಿಶ್ಲೇಷಣೆಯೂ ಹತ್ತಿರಹತ್ತಿರ ಇದನ್ನೇ ಹೇಳಿತು: ಆಟವನ್ನು ಪಾಠದ ಬದಲಿಗೆ ತರಬೇಡಿ, ಪಾಠದ ಜೊತೆಗೆ ತನ್ನಿ. ಅವರು ಕಂಡ ಇನ್ನೊಂದು ಅಂಶ ನನ್ನಂಥ ಆಟದ ಪಕ್ಷಪಾತಿಗಳು ಕಣ್ಣು ತಪ್ಪಿಸುವಂಥದ್ದಲ್ಲ. ಹೋಲಿಕೆಗೆ ಇಟ್ಟುಕೊಂಡ ತರಗತಿಯಲ್ಲಿ ವಿದ್ಯಾರ್ಥಿಗಳು ಸುಮ್ಮನೆ ಕೂತು ಕೇಳುತ್ತಿದ್ದರೆ ಆಟ ಗೆಲ್ಲುತ್ತದೆ. ಅಲ್ಲೂ ಅವರು ಲೆಕ್ಕ ಬಿಡಿಸುತ್ತ, ಚರ್ಚಿಸುತ್ತ ಸಕ್ರಿಯರಾಗಿದ್ದರೆ ಆಟದ ಮೇಲುಗೈ ಉಳಿಯುವುದಿಲ್ಲ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ತಂಡ 2014ರಲ್ಲಿ ಜೋಡಿಸಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಸುಮಾರು ಶೇ. 34 ಮಂದಿ ಅನುತ್ತೀರ್ಣರಾಗಿದ್ದರು, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಸುಮಾರು ಶೇ. 22. ಆಟ ಇಂಥ ಸಕ್ರಿಯ ಕಲಿಕೆಯ ಒಂದು ರೂಪ, ಏಕೈಕ ರೂಪವಲ್ಲ. ಗುಂಪಿನಲ್ಲಿ ಲೆಕ್ಕ ಬಿಡಿಸಿದರೆ ಸಾಕಾಗುವ ಕಡೆ ಆಟ ಕಟ್ಟುವ ಕಷ್ಟ ಏಕೆ ಪಡಬೇಕು?

ಹಾಗಾದರೆ ಆಟ ಎಲ್ಲಿ ಬೇಕು? ನನ್ನ ಉತ್ತರ: ಒಬ್ಬರ ತೀರ್ಮಾನ ಇನ್ನೊಬ್ಬರ ತೀರ್ಮಾನಕ್ಕೆ ಡಿಕ್ಕಿ ಹೊಡೆದು, ಯಾರೂ ಬಯಸದ ಫಲಿತಾಂಶ ಹುಟ್ಟುವ ವಿಷಯಗಳಲ್ಲಿ. ಮಾರುಕಟ್ಟೆ, ಸಾಂಕ್ರಾಮಿಕ ರೋಗ, ಯುದ್ಧ, ಸಂಧಾನ, ಪರಿಸರ, ಪೂರೈಕೆ ಸರಪಳಿ. ಇಂಥವನ್ನು ಹೊರಗೆ ನಿಂತು ನೋಡಿದರೆ ಒಳಗಿನವರೆಲ್ಲ ಮೂರ್ಖರಂತೆ ಕಾಣುತ್ತಾರೆ. ಒಳಗೆ ನಿಂತಾಗಷ್ಟೇ ಆ ಮೂರ್ಖತನದ ತರ್ಕ ಅರ್ಥವಾಗುವುದು.

ಅರ್ಥಶಾಸ್ತ್ರದ ಒಂದು ಉದಾಹರಣೆ ನನಗೆ ತುಂಬ ಪ್ರಿಯ. ಹಾರ್ವರ್ಡ್‌ನ ಎಡ್ವರ್ಡ್ ಚೇಂಬರ್ಲಿನ್ ತಮ್ಮ ತರಗತಿಯಲ್ಲಿ ಮಾರುಕಟ್ಟೆ ಆಡಿಸುತ್ತಿದ್ದರು. 1948ರಲ್ಲಿ ಅದರ ಬಗ್ಗೆ ಬರೆದರು. ಅರ್ಧ ವಿದ್ಯಾರ್ಥಿಗಳು ಮಾರುವವರು, ಅರ್ಧ ಕೊಳ್ಳುವವರು. ಮಾರುವವರ ಚೀಟಿಯಲ್ಲಿ ಇದಕ್ಕಿಂತ ಕಡಿಮೆಗೆ ಕೊಡಬಾರದು ಎಂಬ ಬೆಲೆ, ಕೊಳ್ಳುವವರ ಚೀಟಿಯಲ್ಲಿ ಇದಕ್ಕಿಂತ ಹೆಚ್ಚು ಕೊಡಬಾರದು ಎಂಬ ಬೆಲೆ. ಕೋಣೆಯಲ್ಲಿ ಓಡಾಡುತ್ತ, ಇಬ್ಬಿಬ್ಬರೇ ಚೌಕಾಸಿ ಮಾಡಿ ವ್ಯಾಪಾರ ಮುಗಿಸಬೇಕು. ಪುಸ್ತಕದ ಪ್ರಕಾರ ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಕೂಡುವ ಬೆಲೆಗೆ ವ್ಯಾಪಾರ ನಡೆಯಬೇಕಿತ್ತು. ನಡೆಯಲಿಲ್ಲ. ಪುಸ್ತಕದ ಮಾದರಿ ನಿಜ ಮಾರುಕಟ್ಟೆಗೆ ಹೊಂದುವುದಿಲ್ಲ ಎಂಬುದಕ್ಕೆ ಚೇಂಬರ್ಲಿನ್ ಅದನ್ನು ಸಾಕ್ಷಿಯಾಗಿ ಕಂಡರು.

ಆ ಆಟ ಆಡಿದ ವಿದ್ಯಾರ್ಥಿಗಳಲ್ಲಿ ವರ್ನನ್ ಸ್ಮಿತ್ ಒಬ್ಬರು. ಮುಂದೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದಾಗ ಅವರು ಅದೇ ಆಟವನ್ನು ನಿಯಮ ಬದಲಿಸಿ ಆಡಿಸಿದರು. ಮೂಲೆಯ ಚೌಕಾಸಿ ಬಿಟ್ಟು, ಬೆಲೆಯನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು; ಒಂದು ಸುತ್ತಿಗೆ ನಿಲ್ಲಿಸದೆ ಮತ್ತೆ ಮತ್ತೆ ಆಡಬೇಕು. ಕೆಲವೇ ಸುತ್ತುಗಳಲ್ಲಿ ಬೆಲೆ ಸಿದ್ಧಾಂತ ಹೇಳಿದ ಜಾಗದ ಹತ್ತಿರಕ್ಕೆ ಬಂದು ನಿಂತಿತು. 1962ರಲ್ಲಿ ಅವರು ಆ ಫಲಿತಾಂಶಗಳನ್ನು ಪ್ರಕಟಿಸಿದರು, 2002ರಲ್ಲಿ ನೊಬೆಲ್ ಬಂತು. ಇದರಲ್ಲಿ ಬೋಧನೆಗೆ ಸಂಬಂಧಿಸಿದ ಅಂಶ ಯಾವುದೆಂದರೆ, ನಿಯಮ ಬದಲಾದರೆ ಫಲಿತಾಂಶ ಬದಲಾಗುತ್ತದೆ ಎಂಬುದು. ಎರಡೂ ರೀತಿಯನ್ನು ಒಂದೇ ಅವಧಿಯಲ್ಲಿ ಆಡಿಸಿದರೆ, ಮಾರುಕಟ್ಟೆ ಎಂಬುದು ತಾನಾಗೇ ಬೆಳೆದ ಕಾಡಲ್ಲ, ಯಾರೋ ಬರೆದ ನಿಯಮಗಳ ಮೇಲೆ ನಿಂತದ್ದು ಎಂದು ಮೊದಲ ವರ್ಷದವರಿಗೂ ಗೊತ್ತಾಗುತ್ತದೆ.

ಇತಿಹಾಸದಲ್ಲೂ ಈ ಬಗೆಯ ಪ್ರಯತ್ನ ನಡೆದಿದೆ. ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನಲ್ಲಿ ಮಾರ್ಕ್ ಕಾರ್ನ್ಸ್ 1990ರ ದಶಕದಲ್ಲಿ ಶುರುಮಾಡಿದ ರಿಯಾಕ್ಟಿಂಗ್ ಟು ದ ಪಾಸ್ಟ್ ಎಂಬ ಪಾತ್ರಾಭಿನಯದ ಆಟಗಳಲ್ಲಿ ವಿದ್ಯಾರ್ಥಿಗಳು ಕ್ರಿ.ಪೂ. 403ರ ಅಥೆನ್ಸ್‌ನ ಸಭೆಯಲ್ಲೋ, 1945ರ ಸಿಮ್ಲಾ ಸಮ್ಮೇಳನದಲ್ಲೋ ವಾರಗಟ್ಟಲೆ ಕೂರುತ್ತಾರೆ. ಕಾಂಗ್ರೆಸ್ಸಿನವರಾಗಿ, ಮುಸ್ಲಿಂ ಲೀಗಿನವರಾಗಿ ಮೂಲ ಪಠ್ಯಗಳನ್ನು ಓದಿ, ಭಾಷಣ ಬರೆದು, ಎದುರಾಳಿಯನ್ನು ಒಲಿಸಬೇಕು. ಫಲಿತಾಂಶ ನಿಜ ಇತಿಹಾಸದಂತೆಯೇ ಆಗಬೇಕೆಂದಿಲ್ಲ. ವಿಭಜನೆ ಆಗಲೇಬೇಕಿತ್ತು ಎಂದು ನಂಬಿ ಬಂದ ಹುಡುಗಿ, ಮೇಜಿನ ಸುತ್ತ ಕೂತು ಒಂದೊಂದೇ ಬಾಗಿಲು ಮುಚ್ಚುವುದನ್ನು ನೋಡಿದಾಗ ಅದು ಆಗಲೇಬೇಕಿರಲಿಲ್ಲ, ಆದರೆ ಹೇಗೆ ಆಯಿತು ಎಂದು ಯೋಚಿಸಲು ಶುರುಮಾಡುತ್ತಾಳೆ.

ಆಟದ ನಂತರದ ಅರ್ಧ ಗಂಟೆ

ಬಿಯರ್ ಆಟವನ್ನು ಆಡಿಸಿ, ಗಂಟೆ ಹೊಡೆಯಿತೆಂದು ವಿದ್ಯಾರ್ಥಿಗಳನ್ನು ಹಾಗೇ ಕಳಿಸಿಬಿಟ್ಟರೆ ಏನಾಗುತ್ತದೆ? ಸಗಟು ವ್ಯಾಪಾರಿ ಅಯೋಗ್ಯೆ ಎಂಬುದಷ್ಟನ್ನೇ ಅವರು ಹೊತ್ತುಕೊಂಡು ಹೋಗುತ್ತಾರೆ. ಅನುಭವ ತಾನಾಗಿ ಪಾಠ ಕಲಿಸುವುದಿಲ್ಲ, ಎಷ್ಟೋ ಸಲ ತಪ್ಪು ಪಾಠವನ್ನೇ ಕಲಿಸುತ್ತದೆ. ಆದ್ದರಿಂದ ಆಟದ ಬಳಿಕದ ಚರ್ಚೆಗೆ ಆಟದಷ್ಟೇ ಹೊತ್ತು ಮೀಸಲಿಡಬೇಕು. ವೈದ್ಯಕೀಯ ಸಿಮ್ಯುಲೇಷನ್ ತರಬೇತಿಯಲ್ಲಿ ಇದನ್ನು ಡಿಬ್ರೀಫಿಂಗ್ ಎಂದು ಕರೆದು, ಇದನ್ನು ನಡೆಸುವುದಕ್ಕೇ ಬೇರೆ ತರಬೇತಿ ಕೊಡುತ್ತಾರೆ. ಬೊಂಬೆ ರೋಗಿಯ ಹೃದಯ ನಿಂತಾಗ ತಂಡದಲ್ಲಿ ಯಾರು ಏನು ಕಂಡರು, ಏನು ಎಂದುಕೊಂಡರು, ಏಕೆ ಬಾಯಿ ಬಿಡಲಿಲ್ಲ ಎಂಬುದನ್ನು ಒಂದೊಂದಾಗಿ ಬಿಡಿಸುತ್ತಾರೆ.

ನಾನು ಅನುಸರಿಸುವ ಕ್ರಮದಲ್ಲಿ ಮೊದಲ ಪ್ರಶ್ನೆ ಯಾವತ್ತೂ "ನಿಮಗೆ ಹೇಗನ್ನಿಸಿತು?" ಎಂಬುದೇ. ಸಿಟ್ಟು, ನಾಚಿಕೆ ಹೊರಬೀಳದೆ ತಲೆ ವಿಚಾರಕ್ಕೆ ಬಿಡುವಾಗುವುದಿಲ್ಲ. ಎರಡನೆಯದು, ನಡೆದದ್ದೇನು, ಇಲ್ಲಿ ಅಭಿಪ್ರಾಯ ಬೇಡ, ಹಾಳೆಯ ಮೇಲಿನ ಸಂಖ್ಯೆ ಬೇಕು. ಮೂರನೆಯದು, ನಿಮ್ಮ ಜಾಗದಲ್ಲಿ ಬೇರೆಯವರು ಕೂತಿದ್ದರೆ ಬೇರೆ ಥರ ಆಗುತ್ತಿತ್ತೇ? ಪಕ್ಕದ ಮೇಜಿನವರ ಗ್ರಾಫ್ ತಂದು ಜೊತೆಗಿಟ್ಟಾಗ ಉತ್ತರ ತಾನೇ ಕಾಣುತ್ತದೆ: ಬೇರೆ ಬೇರೆ ಜನ, ಒಂದೇ ಅಲೆ. ಅಲ್ಲಿಂದ ಮುಂದೆ ಸೂತ್ರ, ಸಿದ್ಧಾಂತ, ಪಠ್ಯಪುಸ್ತಕ. ಈಗ ಆ ಪುಟಗಳನ್ನು ಓದುವವರ ಕೈಯಲ್ಲಿ ಒಂದು ಪ್ರಶ್ನೆ ಇರುತ್ತದೆ.

ಕೆಲವು ಆಟಗಳಲ್ಲಿ ಈ ಚರ್ಚೆ ತಪ್ಪಿಸುವುದು ಅನ್ಯಾಯವೇ ಆಗುತ್ತದೆ. ಗ್ಯಾರಿ ಶರ್ಟ್ಸ್ 1969ರಲ್ಲಿ ರೂಪಿಸಿದ ಸ್ಟಾರ್‌ಪವರ್ ಎಂಬ ಆಟದಲ್ಲಿ ಬಿಲ್ಲೆಗಳನ್ನು ಅಸಮವಾಗಿ ಹಂಚಿರುತ್ತಾರೆ, ಆದರೆ ಆಟಗಾರರಿಗೆ ಅದು ಗೊತ್ತಿರುವುದಿಲ್ಲ. ಗೆದ್ದವರ ಗುಂಪಿಗೆ ಮುಂದಿನ ನಿಯಮ ಬರೆಯುವ ಅಧಿಕಾರ ಸಿಗುತ್ತದೆ. ಅವರು ಸಾಮಾನ್ಯವಾಗಿ ತಮಗೆ ಅನುಕೂಲವಾಗುವ ಹಾಗೆಯೇ ಬರೆದುಕೊಳ್ಳುತ್ತಾರೆ, ತಮ್ಮ ಗೆಲುವು ತಮ್ಮ ಜಾಣತನದ್ದು ಎಂದು ನಂಬಿರುತ್ತಾರೆ. ಅಸಮಾನತೆಯ ಬಗ್ಗೆ ಇಷ್ಟು ಬೇಗ, ಇಷ್ಟು ಆಳಕ್ಕೆ ಇಳಿಯುವ ಪಾಠ ಕಡಿಮೆ. ಆದರೆ ಕೆಳಗಿನ ಗುಂಪಿಗೆ ಬಿದ್ದವರಲ್ಲಿ ನಿಜ ಬದುಕಿನಲ್ಲೂ ಅದನ್ನೇ ಉಂಡವರು ಇರಬಹುದು. ಅವರಿಗೆ ಮತ್ತೊಮ್ಮೆ ಅವಮಾನವಾಗದಂತೆ ನೋಡಿಕೊಳ್ಳುವುದು, ಆಡಲು ಮನಸ್ಸಿಲ್ಲದವರಿಗೆ ವೀಕ್ಷಕರಾಗಿ ಟಿಪ್ಪಣಿ ಬರೆಯುವ ಗೌರವದ ಕೆಲಸ ಕೊಡುವುದು ಅಧ್ಯಾಪಕರ ಹೊಣೆ.

ಅಂಕದ ಪ್ರಶ್ನೆಗೆ ನನ್ನ ನಿಲುವು ಸ್ಪಷ್ಟ: ಆಟದ ಗೆಲುವಿಗೆ ಅಂಕ ಕೊಡಬಾರದು. ಕೊಟ್ಟ ಕೂಡಲೇ ಸೋಲುವ ಸ್ವಾತಂತ್ರ್ಯ ಹೋಗುತ್ತದೆ, ಅದರ ಜೊತೆ ಆಟವೂ ಹೋಗುತ್ತದೆ. ವ್ಯವಹಾರ ಅಧ್ಯಯನದ ಕಂಪ್ಯೂಟರ್ ಸಿಮ್ಯುಲೇಷನ್‌ಗಳಲ್ಲಿ ಇದು ಹೆಚ್ಚು ಕಾಡುತ್ತದೆ. ಅಂಕ ಶ್ರೇಯಾಂಕಕ್ಕೆ ಅಂಟಿಕೊಂಡಾಗ ವಿದ್ಯಾರ್ಥಿಗಳು ಮಾರುಕಟ್ಟೆಯನ್ನು ಅರ್ಥಮಾಡಿಕೊಳ್ಳುವ ಬದಲು ತಂತ್ರಾಂಶದೊಳಗಿನ ಲೆಕ್ಕಾಚಾರವನ್ನು ಒಡೆಯಲು ಕೂರುತ್ತಾರೆ, ಹಿಂದಿನ ವರ್ಷದವರಿಂದ ಉತ್ತರ ತರಿಸಿಕೊಳ್ಳುತ್ತಾರೆ. ಆಟದ ಬಗ್ಗೆ ಬರೆದ ವಿಶ್ಲೇಷಣೆಗೆ ಅಂಕ ಕೊಡಿ. ದಿವಾಳಿಯಾದ ತಂಡ ತಾನು ಏಕೆ ದಿವಾಳಿಯಾದೆ ಎಂದು ಸರಿಯಾಗಿ ವಿವರಿಸಿದರೆ ಅದಕ್ಕೆ ಪೂರ್ತಿ ಅಂಕ ಸಲ್ಲಬೇಕು.

ಅಡ್ಡಿಗಳು ಸಣ್ಣವಲ್ಲ. ಪಠ್ಯಕ್ರಮ ಮುಗಿಸುವ ಒತ್ತಡ, ನೂರಾರು ಮಂದಿಯ ತರಗತಿ, ಅಲುಗಾಡದ ಬೆಂಚುಗಳು, ಐವತ್ತೈದು ನಿಮಿಷದ ಅವಧಿ. ಆಟ ಸಿದ್ಧಪಡಿಸುವ ಶ್ರಮವನ್ನು ಅಧ್ಯಾಪಕರ ಕೆಲಸದ ಲೆಕ್ಕಕ್ಕೆ ಹಿಡಿಯುವ ವಿಭಾಗಗಳು ವಿರಳ. ವಿದ್ಯಾರ್ಥಿಗಳ ಮೌಲ್ಯಮಾಪನವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು 2019ರಲ್ಲಿ ಕಂಡಂತೆ, ಸಕ್ರಿಯವಾಗಿ ಕಲಿತವರು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವು ಎಂದುಕೊಂಡಿದ್ದರು. ಸರಾಗವಾದ ಉಪನ್ಯಾಸ ಕೇಳುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ, ತಡವರಿಸುತ್ತ ಕಲಿಯುವಾಗ ಅನ್ನಿಸುವುದಿಲ್ಲ. ಇದನ್ನು ಸೆಮಿಸ್ಟರ್‌ನ ಆರಂಭದಲ್ಲೇ ವಿದ್ಯಾರ್ಥಿಗಳ ಮುಂದೆ ಬಿಚ್ಚಿ ಹೇಳುವುದು ಒಳ್ಳೆಯದು.

ಇಷ್ಟೆಲ್ಲದರ ನಡುವೆ ಶುರುಮಾಡಬೇಕೆನ್ನುವವರಿಗೆ ನನ್ನ ಸಲಹೆ, ಸೆಮಿಸ್ಟರಿಗೆ ಒಂದೇ ಒಂದು ಆಟ. ಪ್ರತಿ ವರ್ಷ ಎಷ್ಟು ವಿವರಿಸಿದರೂ ವಿದ್ಯಾರ್ಥಿಗಳು ಎಡವುವ ಒಂದು ಪಾಠವಿರುತ್ತದಲ್ಲ, ಅದನ್ನು ಆರಿಸಿಕೊಳ್ಳಿ. ಚೀಟಿ, ಬಿಲ್ಲೆ, ಹಲಗೆ ಸಾಕು. ದುಬಾರಿ ತಂತ್ರಾಂಶ ಬೇಡ. ಮತ್ತು ಸಾಧ್ಯವಿದ್ದರೆ ಎರಡನೇ ಸುತ್ತಿಗೆ ಸಮಯ ಇಟ್ಟುಕೊಳ್ಳಿ.

ಎರಡನೇ ಸುತ್ತಿನ ಬೆಲೆ ನನಗೆ ತಿಳಿದದ್ದು ಫಿಶ್‌ಬ್ಯಾಂಕ್ಸ್ ಆಟದಿಂದ. ಡೆನ್ನಿಸ್ ಮೆಡೋಸ್ ರೂಪಿಸಿದ ಈ ಆಟದಲ್ಲಿ ತಂಡಗಳು ಮೀನುಗಾರಿಕೆ ಕಂಪನಿಗಳಾಗಿ ದೋಣಿ ಕೊಳ್ಳುತ್ತವೆ, ಒಂದೇ ಸಮುದ್ರಕ್ಕೆ ಕಳಿಸುತ್ತವೆ. ಮೊದಲ ವರ್ಷಗಳಲ್ಲಿ ಬಲೆ ತುಂಬುತ್ತದೆ, ಎಲ್ಲರೂ ಇನ್ನಷ್ಟು ದೋಣಿ ಕೊಳ್ಳುತ್ತಾರೆ, ಆಮೇಲೆ ಮೀನೇ ಇಲ್ಲ. ಚರ್ಚೆ ಮುಗಿಸಿ ಪುಸ್ತಕ ತೆರೆಯುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಇನ್ನೊಂದು ಸಲ ಆಡೋಣ. ಆದರೆ ಈ ಸಲ ಶುರು ಮಾಡೋ ಮೊದಲು ನಾವು ನಾವೇ ಮಾತಾಡ್ಕೋಬೇಕು" ಎಂದ. ಮುಂದಿನ ಅರ್ಧ ಗಂಟೆ ಅವರು ವರ್ಷಕ್ಕೆ ಯಾರು ಎಷ್ಟು ದೋಣಿ ಇಳಿಸಬೇಕು, ಯಾರು ಎಣಿಸಬೇಕು, ಮೀರಿದವರಿಗೆ ಏನು ದಂಡ ಎಂದು ಜಗಳವಾಡಿದರು. ಹಂಚಿಕೊಂಡ ಸಂಪನ್ಮೂಲವನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಎಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಹೆಸರನ್ನು ನಾನು ಆವತ್ತಿನವರೆಗೆ ಅವರಿಗೆ ಹೇಳಿರಲಿಲ್ಲ. ಹಲಗೆಯ ಮೇಲೆ ಅವರು ಬರೆದಿಟ್ಟ ಒಪ್ಪಂದದಲ್ಲಿ ಆಕೆ ಪಟ್ಟಿಮಾಡಿದ ಅಂಶಗಳಲ್ಲಿ ಮೂರು ಆಗಲೇ ಇದ್ದವು: ಯಾರಿಗೆ ಎಷ್ಟು ಪಾಲು, ಕಾವಲು ಯಾರದು, ತಪ್ಪಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು.